ಮಗುವಿನ ಅನ್ನ ಚೌಕಾಸಿಯ ವಸ್ತುವಲ್ಲ

ದಾಂಪತ್ಯ ಮುರಿದ ಮಾತ್ರಕ್ಕೆ ತಂದೆಯ ಹೊಣೆ ಮುಗಿಯುವುದಿಲ್ಲ. ಮಗು ಕೆಲವು ದಿನ ತಂದೆಯ ಬಳಿ, ಉಳಿದ ದಿನ ತಾಯಿಯ ಬಳಿ ಇರಲೆಂದು ಹಿರಿಯರ ಸಮ್ಮುಖದಲ್ಲಿ ಒಪ್ಪಂದವಾಗುತ್ತದೆ. ಖರ್ಚಿನ ಮೊತ್ತವೂ ಅದಕ್ಕನುಗುಣವಾಗಿ ನಿಗದಿಯಾಗುತ್ತದೆ. ತಂದೆ ಗಲ್ಫಿಗೆ ತೆರಳಿದೊಡನೆ ಪೂರ್ಣ ಹೊಣೆ ತಾಯಿಯ ಮೇಲೆ ಬೀಳುತ್ತದೆ. ಮೊತ್ತ ಮಾತ್ರ ಅಷ್ಟೇ ಉಳಿಯುತ್ತದೆ. ಭಟ್ಕಳ, ಹೊನ್ನಾವರ, ಕುಮಟಾಗಳ ಕುಟುಂಬಗಳು ಇದನ್ನು ಗಂಭೀರವಾಗಿ ಪರಿಗಣಿಸಬೇಕು.

ಮುಸ್ಲಿಂ ಮಕ್ಕಳ ಜೀವನಾಂಶದ ಹಕ್ಕು 1986ರ ಮುಸ್ಲಿಂ ಮಹಿಳಾ ಕಾಯ್ದೆಯಿಂದ ಮೊಟಕಾಗಿಲ್ಲವೆಂದು ಸುಪ್ರೀಮ್ ಕೋರ್ಟ್ 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಮಕ್ಕಳ ಜೀವನಾಂಶಕ್ಕೆ ದಾರಿ ತೆರೆದಿದೆ. ಪರಿಸ್ಥಿತಿ ಬದಲಾದರೆ ಕೋರ್ಟ್ ಆದೇಶಿಸಿದ ಮೊತ್ತವನ್ನು ಪರಿಷ್ಕರಿಸಲು 146ನೇ ಸೆಕ್ಷನ್ ಅವಕಾಶ ನೀಡುತ್ತದೆ. ಬಾಯಿಮಾತಿನ ಒಪ್ಪಂದಕ್ಕೆ ಆ ಬಲವಿಲ್ಲ.

ಮಗುವಿನ ನೆಪದಲ್ಲಿ ತಾಯಿಯನ್ನಾಗಲಿ ತಂದೆಯನ್ನಾಗಲಿ ಪೀಡಿಸುವುದನ್ನು ಪವಿತ್ರ ಕುರ್‌ಆನ್ (2:233) ನಿಷೇಧಿಸಿದೆ. ಆದ್ದರಿಂದ ಮಗು ಸಂಪೂರ್ಣವಾಗಿ ತಂದೆಯ ಮನೆಗೆ ಬಂದ ಮೇಲೂ ಹಳೆಯ ಮೊತ್ತವನ್ನೇ ಕೇಳುವುದು ನ್ಯಾಯವಲ್ಲ. ಭೇಟಿಗೆ ಬಿಡಲಿಲ್ಲವೆಂದು ಹಣ ತಡೆಯುವುದಂತೂ ಮಗುವಿನ ತಟ್ಟೆಗೆ ಕೈಹಾಕಿದಂತೆ.

ಜಮಾಅತ್‌ಗಳು ರಾಜಿಪತ್ರ ಬರೆಸುವಾಗ, ಮಗುವಿನ ವಾಸ ಬದಲಾದರೆ ಮೊತ್ತ ಹೇಗೆ ಬದಲಾಗಬೇಕೆಂಬುದನ್ನೂ ಬರೆಸಲಿ. ದೊಡ್ಡವರ ಹಠಕ್ಕೆ ಮಗು ಬೆಲೆ ತೆರಬಾರದು.