ತಾಯಿಯಲ್ಲ, ಸೋದರಿ

ಕನ್ನಡ ಹುಟ್ಟಿದ್ದು ತಮಿಳಿನಿಂದ ಎಂದು ನಟ ಕಮಲ್ ಹಾಸನ್ 2025ರ ಮೇ ತಿಂಗಳಲ್ಲಿ ಚೆನ್ನೈನ ವೇದಿಕೆಯೊಂದರಲ್ಲಿ ಹೇಳಿದ್ದು ಪ್ರೀತಿಯಿಂದಲೇ ಇರಬಹುದು; ಆದರೂ ಅದು ತಪ್ಪು. ತಮಿಳಿನ ಬರಹ ನಮ್ಮ ಹಲ್ಮಿಡಿ ಶಾಸನಕ್ಕಿಂತ ಹಳೆಯದಲ್ಲವೇ ಎಂದು ಕೇಳುವವರಿದ್ದಾರೆ. ನಿಜ. ಆದರೆ ಮೊದಲು ಬರಹಕ್ಕಿಳಿದ ಭಾಷೆ ತಾಯಿಯೇ ಆಗಬೇಕಿಲ್ಲ. ಮೂಲ ದ್ರಾವಿಡದ ಕಕಾರ ನಮ್ಮ ‘ಕಿವಿ’, ‘ಕೆಂಪು’ಗಳಲ್ಲಿ ಇಂದಿಗೂ ಉಳಿದಿದೆ, ತಮಿಳಿನಲ್ಲಿ ಅದು ‘ಚೆವಿ’, ‘ಚೆಂ’ ಎಂದು ಬದಲಾಗಿದೆ. ತಾಯಿ ಕಳೆದುಕೊಂಡ ಧ್ವನಿ ಮಗಳಿಗೆ ಎಲ್ಲಿಂದ ಬಂತು? ಎರಡೂ ಒಂದೇ ಬೇರಿನ ಕವಲುಗಳು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ. ಸಿನಿಮಾದಲ್ಲೂ ಈ ಎರಡು ಭಾಷೆಗಳ ನಂಟು ಸೋದರಿಯರದೇ: ಚೆನ್ನೈನ ವಡಪಳನಿಯಲ್ಲಿ ಎವಿಎಂ ಸ್ಟುಡಿಯೊ ಕಟ್ಟಿದ ಮೆಯ್ಯಪ್ಪನ್ 1940ರ ದಶಕದಲ್ಲೇ ಕನ್ನಡದ ‘ಸತ್ಯ ಹರಿಶ್ಚಂದ್ರ’ವನ್ನು ತಮಿಳಿಗೆ ಡಬ್ ಮಾಡಿದ್ದರು, ಅದು ಸಮಾನರ ಕೊಡುಕೊಳ್ಳುವಿಕೆ. ಹಾಗಾಗಿ ಕಮಲ್ ಅವರ ಮಾತಿಗೆ ಅವರ ಸಿನಿಮಾ ತಡೆಯುವುದು ಉತ್ತರವಲ್ಲ. ಆದರೆ ಅವರು ಆ ಮಾತನ್ನು ಹಿಂಪಡೆಯಲಿ.