ಮೀನು ತಿನ್ನೋದು ಹೆಜ್ಜಾರ್ಲೆ, ಮೀನು ಸಾಯಿಸೋದು ಚರಂಡಿ

ಕೆರೆಯ ಮೀನು ಗುತ್ತಿಗೆ ಹಿಡಿದವರನ್ನು ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ ಹೇಳೋದು ಒಂದೇ ಮಾತು: "ಹಕ್ಕಿಗಳೇ ಎಲ್ಲಾ ತಿಂದು ಹಾಕ್ತವೆ, ಪಟಾಕಿ ಹೊಡೆದು ಓಡಿಸಬೇಕು." ಈ ಲೆಕ್ಕ ತಪ್ಪು ಅನ್ನೋದು ನಮ್ಮ ಅಭಿಪ್ರಾಯ. ಯಾಕೆ ತಪ್ಪು ಅಂತ ತಿಳಿಯಲು ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನೇ ನೋಡೋಣ.

1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಊರಾಚೆಯ ಜಮೀನಿಗೆ ನೀರು ಕೊಡಲು ಕಟ್ಟಿದ ಕೆರೆ ಇದು. ಇವತ್ತು ಅದರ ಸುತ್ತ ಗದ್ದೆ ಇಲ್ಲ, ಬಡಾವಣೆಗಳಿವೆ. ಆದರೂ ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ, ಮಿಂಚುಳ್ಳಿ ಇಲ್ಲಿ ಬದುಕುತ್ತಿವೆ.

ಇವುಗಳ ಊಟ ಎಲ್ಲಿಂದ ಬರುತ್ತೆ? ಮೊದಲು ಬಿಸಿಲು. ಬಿಸಿಲಲ್ಲಿ ಪಾಚಿ ಬೆಳೆಯುತ್ತೆ. ಪಾಚಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನೀರುಜೀವಿಗಳು ತಿನ್ನುತ್ತವೆ, ಅವನ್ನು ಸಣ್ಣ ಮೀನು, ಸಣ್ಣ ಮೀನನ್ನು ದೊಡ್ಡ ಮೀನು, ಅದನ್ನು ಹೆಜ್ಜಾರ್ಲೆ. ಶಾಲೆಯಲ್ಲಿ ಓದಿದ ಆಹಾರ ಸರಪಳಿ ಇದೇ. ಒಂದು ಮೆಟ್ಟಿಲಿಂದ ಮುಂದಿನದಕ್ಕೆ ದಾಟೋದು ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ, ಉಳಿದದ್ದು ಓಡಾಟ, ಉಸಿರಾಟದಲ್ಲೇ ಖರ್ಚು. ಅದಕ್ಕೇ ಕೆರೆಯಲ್ಲಿ ಪಾಚಿ ರಾಶಿ, ಮೀನು ಕಡಿಮೆ, ಹೆಜ್ಜಾರ್ಲೆ ಇನ್ನೂ ಕಡಿಮೆ. ಮೇಲಿನವರು ಹೆಚ್ಚಾಗಿ ಕೆಳಗಿನದೆಲ್ಲ ಖಾಲಿಯಾಗೋದು ಸುಲಭವಲ್ಲ.

ನಿಜದಲ್ಲಿ ಇದು ಒಂದೇ ಸರಪಳಿಯೂ ಅಲ್ಲ, ಬಲೆ. ಕಪ್ಪೆಯನ್ನು ನೀರುಹಾವೂ ತಿನ್ನುತ್ತೆ, ಕೊಕ್ಕರೆಯೂ ತಿನ್ನುತ್ತೆ. ಕಪ್ಪೆಮರಿ ಪಾಚಿ ತಿಂದರೆ, ಬೆಳೆದ ಕಪ್ಪೆ ಸೊಳ್ಳೆ ತಿನ್ನುತ್ತೆ. ಸತ್ತದ್ದನ್ನೆಲ್ಲ ಕೆಸರಿನ ಹುಳುಗಳು, ಸೂಕ್ಷ್ಮಜೀವಿಗಳು ಕೊಳೆಸಿ ಮತ್ತೆ ಗೊಬ್ಬರ ಮಾಡುತ್ತವೆ. ಒಂದು ಎಳೆ ಹೋದರೆ ಬಲೆ ತಡೆದುಕೊಳ್ಳುತ್ತೆ. ಬುಡದ ಎಳೆಗಳೇ ಹೋದರೆ?

ಚರಂಡಿ ನೀರು ಹರಿದಾಗ ಆಗೋದು ಅದೇ. ಮಲಮೂತ್ರ, ಸೋಪಿನ ನೀರಿನಲ್ಲಿರೋ ಸಾರಜನಕ, ರಂಜಕ ಪಾಚಿಗೆ ಭರ್ಜರಿ ಗೊಬ್ಬರ. ನೀರು ಹಸಿರು ಪೇಂಟಿನಂತಾಗುತ್ತೆ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ತಾನೇ ಅದನ್ನು ಹೀರುತ್ತೆ, ಸತ್ತ ಪಾಚಿ ಕೊಳೆಯುವಾಗ ಉಳಿದದ್ದೂ ಹೋಗುತ್ತೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡೋದು, ಆಮೇಲೆ ರಾಶಿಗಟ್ಟಲೆ ತೇಲೋದು ಇದರಿಂದಲೇ. ಹೆಜ್ಜಾರ್ಲೆ ದಿನಕ್ಕೆ ತನ್ನ ಹೊಟ್ಟೆಯಷ್ಟು ತಿನ್ನುತ್ತೆ. ಚರಂಡಿ ಒಂದೇ ರಾತ್ರಿಯಲ್ಲಿ ಇಡೀ ಕೆರೆ ಖಾಲಿ ಮಾಡಬಲ್ಲದು.

ಹಕ್ಕಿ ಜೊತೆ ಬದುಕೋದು ಹೇಗೆ ಅಂತ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ತೋರಿಸಿದೆ. ಅಲ್ಲಿ ಮನೆ ಪಕ್ಕದ ಹುಣಸೆ ಮರದಲ್ಲೇ ಹೆಜ್ಜಾರ್ಲೆ ಗೂಡು ಕಟ್ಟುತ್ತೆ, ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತೆ. 2007ರಲ್ಲಿ ಸರ್ಕಾರ ಆ ಊರನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಅಂಥ ಊರಿನಲ್ಲೂ 2017-18ರಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ದುಂಡುಹುಳು ಸಿಕ್ಕವು. ಈ ಜಾತಿಯ ಹುಳು ಹಕ್ಕಿಗೆ ಬರೋದು ತಿಂದ ಮೀನಿನಿಂದ. ಊರಿನವರು ಮರ ಕಾಪಾಡಿದರೆ ಸಾಲದು, ಹಕ್ಕಿ ಮೇಯುವ ಕೆರೆಗಳೂ ಆರೋಗ್ಯವಾಗಿರಬೇಕು.

ಗುತ್ತಿಗೆದಾರರ ಕಷ್ಟ ಸುಳ್ಳು ಅಂತ ನಾವು ಹೇಳುತ್ತಿಲ್ಲ. ಮರಿ ಬಿಟ್ಟ ಮೊದಲ ವಾರಗಳಲ್ಲಿ ನೀರುಕಾಗೆ ಹಿಂಡು ಇಳಿದರೆ ನಷ್ಟ ಆಗುತ್ತೆ. ಅದಕ್ಕೆ ದಾರಿ ಇದೆ: ತೀರಾ ಸಣ್ಣ ಮರಿ ಬಿಡದೆ, ಬಲೆಯ ಆವರಣದಲ್ಲಿ ಬೆರಳುದ್ದಕ್ಕಿಂತ ದೊಡ್ಡದು ಮಾಡಿ ಬಿಡಿ. ದಡದ ಜೊಂಡು ಪೂರ್ತಿ ಕೀಳಬೇಡಿ, ಮರಿ ಬಚ್ಚಿಟ್ಟುಕೊಳ್ಳೋದು ಅಲ್ಲೇ.

ಮೈಸೂರಿನ ಸುತ್ತ ಬಡಾವಣೆಗಳು ಹಳ್ಳಿ ಕಡೆ ಬರುತ್ತಿವೆ. ಅವುಗಳ ಚರಂಡಿ ಇಳಿಯೋದು ತಗ್ಗಿಗೆ, ತಗ್ಗಿನಲ್ಲಿರೋದು ನಿಮ್ಮ ಕೆರೆ. ಮುಂದಿನ ಗ್ರಾಮಸಭೆಯಲ್ಲಿ ಪಟಾಕಿ ಖರ್ಚಿನ ಬದಲು ಒಂದು ಪ್ರಶ್ನೆ ಎತ್ತಿ: ಹೊಸ ಬಡಾವಣೆಯ ಕೊಳಚೆ ನೀರು ಎಲ್ಲಿಗೆ ಹೋಗುತ್ತೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.