ಕರೆಯ ತುದಿಯಲ್ಲೊಂದು ಮಾರ್ಗದರ್ಶನ



2008ರ ನವೆಂಬರಿನಲ್ಲಿ ಆರಂಭಗೊಂಡ 108 ‘ಆರೋಗ್ಯ ಕವಚ’ ಆಂಬುಲೆನ್ಸ್ ಸೇವೆಯು ನಾಡಿಗೆ ದೊಡ್ಡ ಆಸರೆಯಾಗಿರುವುದು ನಿರ್ವಿವಾದವಾದರೂ, ಸ್ಪಂದನ ನಿಂತ ಹೃದಯವು ವಾಹನದ ಆಗಮನವನ್ನು ಕಾಯಲಾರದು. ರಕ್ತಸಂಚಾರವಿಲ್ಲದೆ ನಾಲ್ಕಾರು ನಿಮಿಷಗಳು ಕಳೆಯುವಷ್ಟರಲ್ಲಿ ಮಿದುಳಿಗೆ ಹಾನಿ ತಟ್ಟತೊಡಗುವುದು. ಅಂಕೋಲೆಯಿಂದ ಹುಬ್ಬಳ್ಳಿಗೆ ಏರುವ ಅರಬೈಲ್ ಘಟ್ಟದಲ್ಲಾಗಲಿ, ಕಾರವಾರದ ಕಾಳೀತೀರದ ಒಳಹಳ್ಳಿಯಲ್ಲಾಗಲಿ ಅಷ್ಟು ಶೀಘ್ರವಾಗಿ ಆಂಬುಲೆನ್ಸ್ ತಲುಪುವುದೆಂತು?

ಆದುದರಿಂದ 108ರ ಕರೆ ಸ್ವೀಕರಿಸುವವರು ಸ್ಥಳವನ್ನು ತಿಳಿದುಕೊಂಡೊಡನೆ ಸಂಭಾಷಣೆಯನ್ನು ಮುಗಿಸದೆ, ಮೊಬೈಲನ್ನು ಸ್ಪೀಕರಿಗೆ ಹಾಕಿಸಿ, ಬಿದ್ದವರಿಗೆ ಪ್ರಜ್ಞೆಯಿದೆಯೇ, ಉಸಿರಾಟ ಸಹಜವೇ ಎಂದು ವಿಚಾರಿಸಿ, ಎರಡೂ ಇಲ್ಲವಾದಲ್ಲಿ, ಎದೆಯ ಮಧ್ಯದಲ್ಲಿ ಅಂಗೈಗಳನ್ನು ಒಂದರ ಮೇಲೊಂದು ಊರಿ, ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಎರಡು ಅಂಗುಲ ಆಳಕ್ಕೆ ಒತ್ತುವಂತೆ, ತಾವೇ ಗಟ್ಟಿಯಾಗಿ ಎಣಿಸುತ್ತ ಹೇಳಿಕೊಡಬೇಕು. ಬಿಟ್ಟುಬಿಟ್ಟು ಬರುವ ಏದುಸಿರನ್ನು ನೋಡಿ ‘ಉಸಿರಿದೆ’ ಎಂದು ಜನ ಕೈಕಟ್ಟಿ ನಿಲ್ಲುವುದುಂಟು. ಅದು ಸಹಜ ಉಸಿರಲ್ಲವೆಂಬುದನ್ನು ಆ ಕ್ಷಣದಲ್ಲಿ ತಿಳಿಸಿಕೊಡಬಲ್ಲುದು ಫೋನಿನ ಧ್ವನಿಯೊಂದೇ. ಅಮೆರಿಕದ ಸಿಯಾಟಲ್ ಪ್ರಾಂತದಲ್ಲಿ ಫೋನಿನಲ್ಲೇ ಮಾರ್ಗದರ್ಶನ ನೀಡುವ ಈ ಕ್ರಮವು ದಶಕಗಳಿಂದ ರೂಢಿಯಲ್ಲಿದೆ.

ನಮ್ಮ ಕರಾವಳಿಯ ಮಟ್ಟಿಗೆ ಈ ಸೂಚನೆಗಳು ಕನ್ನಡದಷ್ಟೇ ಕೊಂಕಣಿಯಲ್ಲಿಯೂ ಸಿದ್ಧವಿರತಕ್ಕದ್ದು. ಗಾಬರಿಯಲ್ಲಿ ಮನುಷ್ಯನಿಗೆ ಮನೆಮಾತೇ ಕಿವಿಗೆ ಬೀಳುವುದು. ಆರೋಗ್ಯ ಇಲಾಖೆಯು ಪ್ರತಿಯೊಬ್ಬ ಕರೆಸ್ವೀಕಾರಕನಿಗೂ ಈ ತರಬೇತಿಯನ್ನು ಕಡ್ಡಾಯಗೊಳಿಸಬೇಕೆಂದು ಕಳಕಳಿಯಿಂದ ಪ್ರಾರ್ಥಿಸುತ್ತೇನೆ.

ಇತಿ,
ಓರ್ವ ಓದುಗ, ಅಂಕೋಲಾ